ಆರು ತಿಂಗಳ ಕೂಸನ್ನು ಯಾರ ಕೈಗೆ ಕೊಟ್ಟು ಬರೋಣ?

ಗಾರ್ಮೆಂಟ್ಸ್ ಅಕ್ಕತಂಗಿಯರಿಗೆ ಒಂದು ಕರೆ

ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ ಕಡೆಯ ಅಕ್ಕತಂಗಿಯರೇ,

ಗೇಟ್ ಬಿಟ್ಟ ಮೇಲೆ ಒಂದು ನಿಮಿಷ ನಿಲ್ಲಲೂ ನಿಮಗೆ ಪುರುಸೊತ್ತಿಲ್ಲ, ಗೊತ್ತು. ಬಸ್ ಹಿಡಿಯಬೇಕು, ದಾರಿಯಲ್ಲಿ ಸೊಪ್ಪು ತಗೊಳ್ಳಬೇಕು, ನೀರು ಬಿಡುವ ಹೊತ್ತಿಗೆ ಮನೆ ಸೇರಬೇಕು. ಈ ಕಾಗದವನ್ನು ಮಡಚಿ ಊಟದ ಬ್ಯಾಗಿಗೆ ಹಾಕಿಕೊಳ್ಳಿ. ರಾತ್ರಿ ಮಗು ಮಲಗಿದ ಮೇಲೆ ಓದಿ. ಮಕ್ಕಳು ದೊಡ್ಡವರಾದವರೂ ಓದಿ. ಮದುವೆಯಾಗದ ಹುಡುಗಿಯರು ಎಲ್ಲರಿಗಿಂತ ಮೊದಲು ಓದಿ. ನಿಮ್ಮ ಸರದಿ ಬರುವಷ್ಟರಲ್ಲಿ ನಾವು ಇವತ್ತು ಕೇಳುತ್ತಿರುವುದು ಕೈಗೆ ಸಿಕ್ಕಿರಬೇಕು.

ಲೆಕ್ಕ ಇಷ್ಟೇ. ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಅದರಲ್ಲಿ ಎಂಟು ವಾರವನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಂಡರೆ, ಮಗು ಹುಟ್ಟಿದ ಮೇಲೆ ಉಳಿಯುವುದು 18 ವಾರ. ನಾಲ್ಕು ತಿಂಗಳ ಕೂಸು, ಆಗಷ್ಟೇ ಕುತ್ತಿಗೆ ನಿಂತಿರುತ್ತೆ. ಎಂಟನೇ ತಿಂಗಳು, ಒಂಬತ್ತನೇ ತಿಂಗಳವರೆಗೂ ಹೊಟ್ಟೆ ಹೊತ್ತುಕೊಂಡು ಮಿಷಿನ್ ತುಳಿದವರಿಗೆ ಆರು ತಿಂಗಳು ಸಿಗುತ್ತೆ. ಇನ್ನು ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕೂ ಸಂಜೆ ನಮ್ಮ ಪಂಚಿಂಗ್ ಆಗುವುದಕ್ಕೆ ಬಹಳ ಮುಂಚೆಯೇ ಬೀಗ ಬೀಳುತ್ತೆ. ಹಾಗಾದರೆ ರಜೆ ಮುಗಿದ ದಿನದಿಂದ ಅಂಗನವಾಡಿ ಬಾಗಿಲು ತೆರೆಯುವ ದಿನದವರೆಗೆ, ಆ ಎರಡೂವರೆ ವರ್ಷ, ಕೂಸು ಎಲ್ಲಿರಬೇಕು?

ಯಾವ ಮ್ಯಾನೇಜರೂ ಇದನ್ನು ಕೇಳಿಲ್ಲ. ಅತ್ತೆಯೋ ಅಮ್ಮನೋ ಗಟ್ಟಿಯಾಗಿದ್ದರೆ ಊರಿಂದ ಕರೆಸಿಕೊಳ್ಳುತ್ತೇವೆ. ಊರಲ್ಲಿ ಹಸು ಇದೆ, ರಾಗಿ ಹೊಲ ಇದೆ, ಹಾಸಿಗೆ ಹಿಡಿದ ಮಾವ ಇದ್ದಾರೆ. ಅದನ್ನೆಲ್ಲ ಬಿಟ್ಟು ಆ ಮುದುಕಿ ಹತ್ತಕ್ಕೆ ಹತ್ತರ ರೂಮಿಗೆ ಬಂದು, ಮಂಡಿ ನೋವು ಇಟ್ಟುಕೊಂಡು, ತೆವಳುವ ಮಗುವಿನ ಹಿಂದೆ ಬೆಳಿಗ್ಗೆಯಿಂದ ರಾತ್ರಿವರೆಗೆ ಓಡಬೇಕು. ಅಂಥವರೂ ಇಲ್ಲದವರು ಪಕ್ಕದ ಮನೆ ಆಂಟಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟು ಬಿಟ್ಟು ಬರುತ್ತಾರೆ. ಆಂಟಿ ಒಳ್ಳೆಯವರೇ. ಆದರೆ ಅವರ ಮನೆಯಲ್ಲಿ ಆಗಲೇ ನಾಲ್ಕು ಮಕ್ಕಳಿವೆ, ಸ್ಟವ್ ನೆಲದ ಮೇಲಿದೆ, ನೀರಿನ ಡ್ರಮ್ಮಿಗೆ ಮುಚ್ಚಳವಿಲ್ಲ. ಲೈನ್‌ನಲ್ಲಿ ಕೂತ ತಾಯಿಯ ಕಣ್ಣು ಸೂಜಿ ಮೇಲೆ, ಜೀವ ಆ ಡ್ರಮ್ಮಿನ ಮೇಲೆ.

ಎರಡೂ ಆಗದವರು ಕೂಸನ್ನು ಊರಲ್ಲೇ ಬಿಡುತ್ತಾರೆ. ಮದ್ದೂರು, ಕುಣಿಗಲ್, ಪಾವಗಡ, ಚಳ್ಳಕೆರೆ. ಶನಿವಾರ ರಾತ್ರಿ ಬಸ್ಸು, ಭಾನುವಾರ ಸಂಜೆ ವಾಪಸ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಕಾಸು ಉಳಿದಿದೆ, ಇಲ್ಲ ಅನ್ನುವುದಿಲ್ಲ. ಆದರೆ ಎಂಟು ತಿಂಗಳ ಮಗು ಹೊಸ ಮುಖ ಕಂಡರೆ ಅಳುವ ವಯಸ್ಸಿನದು. ಬೆಳಗಿನ ಜಾವ ಬಾಗಿಲಲ್ಲಿ ನಿಂತ ಹೆತ್ತವಳನ್ನು ನೋಡಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತೆ. ಬಿಸ್ಕೆಟ್ ತೋರಿಸಿ, ಗಿಲಕಿ ಆಡಿಸಿ ಪುಸಲಾಯಿಸಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಮೆಲ್ಲಗೆ ತೆವಳಿಕೊಂಡು ಬಂದು ಮಡಿಲು ಹತ್ತುತ್ತೆ, ಬಳೆ ಹಿಡಿದು ಎಳೆಯುತ್ತೆ, ಇವಳೇ ಇರಬಹುದು ಅನ್ನುವ ಹಾಗೆ ಮುಖ ನೋಡುತ್ತೆ. ಅಷ್ಟೊತ್ತಿಗೆ ಬಸ್ಸಿಗೆ ಹೊತ್ತಾಗಿರುತ್ತೆ. ಈ ಕಾಗದ ಬರೆದವರಲ್ಲಿ ಮೂವರ ಮಕ್ಕಳು ಈಗಲೂ ಊರಲ್ಲಿವೆ. ಹಾಗಾಗಿ ಇದರ ಬಗ್ಗೆ ಹೆಚ್ಚು ಬರೆಯಲು ಕೈ ಬರುವುದಿಲ್ಲ.

ಎದೆಹಾಲಿನ ಮಾತು ಹೇಳಲೇಬೇಕು. ನಾಚಿಕೆಪಟ್ಟು ಸುಮ್ಮನಿದ್ದದ್ದು ಸಾಕು. ರಜೆ ಮುಗಿಸಿ ಬಂದ ಬಾಣಂತಿಗೆ ಹನ್ನೊಂದು ಗಂಟೆ ಹೊತ್ತಿಗೆ ಎದೆ ಭಾರವಾಗಲು ಶುರು. ಕಾಲರ್ ಕೂರಿಸಲು ಮಿಷಿನ್ ಮೇಲೆ ಬಗ್ಗಿದರೆ ನೋವು ಕಂಕುಳಿನವರೆಗೆ ಎಳೆಯುತ್ತೆ. ಮಗುವಿನ ನೆನಪಾದರೂ ಸಾಕು, ಹಾಲು ತಾನಾಗಿ ಇಳಿದು ಚೂಡಿದಾರದ ಮೇಲೆ ಒದ್ದೆ ಕಲೆ. ಏಪ್ರನ್ ಎಳೆದುಕೊಳ್ಳುತ್ತೇವೆ, ಐಡಿ ಕಾರ್ಡ್ ಅಡ್ಡ ಹಿಡಿಯುತ್ತೇವೆ. ಬಂಡಲ್ ರಾಶಿ ಬಿದ್ದಿರುವಾಗ ಎದ್ದರೆ ‘ಎಷ್ಟು ಸಲನಮ್ಮ ಟಾಯ್ಲೆಟ್ಟು?’ ಎಂದು ಇಡೀ ಫ್ಲೋರ್‌ಗೆ ಕೇಳುವ ಹಾಗೆ ಕೂಗು. ಟೋಕನ್ ಹಿಡಿದು ಹೋಗಿ, ಚಿಲಕ ಕಿತ್ತುಹೋದ ಟಾಯ್ಲೆಟ್ಟಿನ ಬಾಗಿಲನ್ನು ಒಂದು ಕಾಲಿನಲ್ಲಿ ಒತ್ತಿ ಹಿಡಿದು, ಹಾಲನ್ನು ನೆಲಕ್ಕೆ ಹಿಂಡಿ, ಮೇಲೆ ಒಂದು ಮಗ್ ನೀರು ಹೊಯ್ದು ಬರುತ್ತೇವೆ. ಅದೇ ಹೊತ್ತಿಗೆ ಮನೆಯಲ್ಲಿ ಆ ಹಾಲಿನ ಒಡೆಯ ಬಾಟಲಿ ಚೀಪುತ್ತಿರುತ್ತಾನೆ. ಡಬ್ಬಿ ಪುಡಿ ದುಬಾರಿ ಅಂತ ಎರಡು ಚಮಚ ಹಾಕುವಲ್ಲಿ ಒಂದೇ ಚಮಚ.

ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಒಂದು ಹನಿ ನೀರೂ ಬೇಡ ಎಂದು ಆಶಾ ಅಕ್ಕ ಮನೆಗೇ ಬಂದು ಹೇಳಿ ಹೋಗುತ್ತಾರೆ. ಆಮೇಲೆ ರಾಗಿ ಸರಿ ಶುರು ಮಾಡಿ, ಎರಡು ವರ್ಷದವರೆಗೆ ಹಾಲೂ ಕುಡಿಸಿ ಅನ್ನುತ್ತಾರೆ. ಸರಿಯಾದ ಮಾತು. ಎಲ್ಲಿ ಕೂತು ಕುಡಿಸೋಣ ಎಂಬುದನ್ನು ಹೇಳುವವರಿಲ್ಲ. ಎದೆಯಲ್ಲಿ ಹಾಲು ತುಂಬಿ ನಿಂತಷ್ಟೂ ದೇಹ ಹಾಲು ಮಾಡುವುದನ್ನು ಕಡಿಮೆ ಮಾಡುತ್ತೆ. ನಿಂತ ಹಾಲು ಕಟ್ಟಿಕೊಂಡು ಗಂಟಾಗಿ, ಜ್ವರ ಬಂದು, ಕೀವಾಗಿ ಕೊಯ್ಸಿಕೊಂಡವರೂ ನಮ್ಮ ನಡುವೆ ಇದ್ದಾರೆ. ‘ಇವಳಿಗೆ ಹಾಲೇ ಇಲ್ಲ’ ಅನ್ನುವ ಅತ್ತೆಯಂದಿರೇ, ನಿಮ್ಮ ಸೊಸೆಗೆ ಹಾಲಿತ್ತು. ಅದು ಫ್ಯಾಕ್ಟರಿ ಮೋರಿಗೆ ಹೋಯಿತು. ಹಿಂಡಿದ ಹಾಲು ಬಿಸಿಲು ಬೀಳದ ತಂಪು ಕೋಣೆಯಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತೆ. ಒಂದು ಸಣ್ಣ ಕೋಣೆ, ಒಳಗಿಂದ ಹಾಕಿಕೊಳ್ಳುವ ಚಿಲಕ, ಒಂದು ಫ್ರಿಜ್. ಆಫೀಸಿನವರ ಜ್ಯೂಸ್ ಬಾಟಲಿಗೆ ಫ್ರಿಜ್ ಇರುವ ಫ್ಯಾಕ್ಟರಿಯಲ್ಲಿ ಇದಕ್ಕೆ ದುಡ್ಡಿಲ್ಲ ಎಂದರೆ ನಂಬುವುದು ಹೇಗೆ?

ಇಷ್ಟೆಲ್ಲ ತಡೆಯಲಾಗದೆ ಕೊನೆಗೆ ನಾವು ಮಾಡುವುದೇನು? ರಾಜೀನಾಮೆ. ‘ಸ್ವಂತ ಕಾರಣ’ ಎಂದು ಬರೆದು ಸಹಿ ಹಾಕುತ್ತೇವೆ. ಪಿಎಫ್ ತೆಗೆದು ಆಸ್ಪತ್ರೆ ಸಾಲ ತೀರಿಸುತ್ತೇವೆ. ಮಗುವಿಗೆ ಮೂರು ವರ್ಷವಾದ ಮೇಲೆ ಇನ್ನೊಂದು ಫ್ಯಾಕ್ಟರಿ ಗೇಟಿನಲ್ಲಿ ಹೊಸಬರ ಸಾಲಿನಲ್ಲಿ ನಿಲ್ಲುತ್ತೇವೆ. ಎಷ್ಟೇ ವರ್ಷದ ಟೈಲರ್ ಆಗಿದ್ದರೂ ಸರ್ವಿಸ್ ಸೊನ್ನೆಯಿಂದ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕಾಯಂ ಕೆಲಸಗಾರರಿಗೆ ಗ್ರಾಚ್ಯುಟಿ ಸಿಗಲು ಒಂದೇ ಕಡೆ ಐದು ವರ್ಷ ಬಿಡದೆ ದುಡಿದಿರಬೇಕು. ಸಿಕ್ಕರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಹೆರಿಗೆ ರಜೆಯ 26 ವಾರವೂ ಸರ್ವಿಸ್‌ಗೆ ಸೇರುತ್ತೆ. ಮೂರೂವರೆ ವರ್ಷ ದುಡಿದು, ಹೆತ್ತು, ಕೂಸನ್ನು ಬಿಡಲು ಜಾಗವಿಲ್ಲದೆ ಬಿಟ್ಟುಹೋದವಳಿಗೆ ಗ್ರಾಚ್ಯುಟಿ ಒಂದು ರೂಪಾಯಿಯೂ ಇಲ್ಲ. ಹೀಗೆ ಎರಡು ಮಕ್ಕಳಿಗೆ ಎರಡು ಸಲ ಬಿಟ್ಟರೆ ಇಡೀ ಹರೆಯ ದುಡಿದೂ ಕೈಯಲ್ಲಿ ಏನೂ ಇರುವುದಿಲ್ಲ. ಇದು ಯಾರ ಲಾಭ ಎಂಬುದನ್ನು ನಾವು ಬರೆಯಬೇಕಾಗಿಲ್ಲ. ಅದನ್ನು ‘ಸ್ವಂತ ಕಾರಣ’ ಎಂದು ನಮ್ಮ ಕೈಯಿಂದಲೇ ಬರೆಸಿಕೊಳ್ಳುತ್ತಾರಲ್ಲ, ಅದು ಹೊಟ್ಟೆ ಉರಿಸುತ್ತೆ.

ಈಗ ಕಾನೂನಿನ ಮಾತು. ಹೆದರಬೇಡಿ, ನಮ್ಮ ಭಾಷೆಯಲ್ಲೇ ಹೇಳುತ್ತೇವೆ.

ಫ್ಯಾಕ್ಟರಿಯಲ್ಲಿ ಕ್ರೆಶ್ ಇರಬೇಕು ಎಂಬುದು ನಿನ್ನೆ ಮೊನ್ನೆಯ ಮಾತಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು: 50ಕ್ಕಿಂತ ಹೆಚ್ಚು (1976ರ ತಿದ್ದುಪಡಿಯ ಮೇಲೆ 30ಕ್ಕಿಂತ ಹೆಚ್ಚು) ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕಿನ ಕೋಣೆ, ನೋಡಿಕೊಳ್ಳಲು ತರಬೇತಾದ ಹೆಂಗಸರು. ನಮ್ಮಲ್ಲಿ ಎಷ್ಟೋ ಜನರ ಅಜ್ಜಿಯರು ಆಗಿನ್ನೂ ಲಂಗ ದಾವಣಿಯ ಹುಡುಗಿಯರು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು, 12 ವಾರ ಇದ್ದ ರಜೆ 26 ವಾರವಾಯಿತು. ಜೊತೆಗೆ 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಕ್ರೆಶ್ ಕಡ್ಡಾಯವಾಯಿತು. ಗಂಡಸರು ಹೆಂಗಸರು ಸೇರಿ ಐವತ್ತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು, ಊಟದ ಬಿಡುವೂ ಅದರಲ್ಲಿ ಸೇರಿದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲು ಕುಡಿಸಲು ಊಟದ ಬಿಡುವಿನ ಮೇಲೆ ದಿನಕ್ಕೆ ಎರಡು ಬಿಡುವು ಕೊಡಲೇಬೇಕು. ಈ ಸೌಲಭ್ಯಗಳನ್ನು ಕೆಲಸಕ್ಕೆ ಸೇರುವ ದಿನವೇ ಬರೆದು ತಿಳಿಸಬೇಕು. ನಿಮ್ಮ ಅಪಾಯಿಂಟ್‌ಮೆಂಟ್ ಕಾಗದ ತೆಗೆದು ನೋಡಿ, ಒಂದು ಸಾಲು ಇದೆಯಾ? 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ 26 ವಾರ, ಐವತ್ತು ಜನಕ್ಕೆ ಕ್ರೆಶ್, ನಾಲ್ಕು ಭೇಟಿ, ಹಾಲೂಡಿಸುವ ಬಿಡುವು ಎಲ್ಲ ಹಾಗೇ ಇವೆ. ‘ಹೊಸ ಕಾನೂನು ಬಂತು, ಹಳೇದು ಹೋಯ್ತು’ ಎಂದು ಎಚ್‌ಆರ್ ಹೇಳಿದರೆ ನಗುತ್ತಲೇ ಈ ಕಾಗದ ತೋರಿಸಿ.

ಕೆಲವು ಫ್ಯಾಕ್ಟರಿಗಳಲ್ಲಿ ಕ್ರೆಶ್ ಚೆನ್ನಾಗಿದೆ, ನಿಜ. ಅಲ್ಲಿನ ಆಯಾಗಳಿಗೆ ಕೈ ಮುಗಿಯೋಣ. ಬಹಳ ಕಡೆ ಅದು ಬೈಯರ್ ಬರುವ ದಿನದ ಅಲಂಕಾರ. ಗೋಡೆಗೆ ಮೊಲ, ಬಾತುಕೋಳಿ ಚಿತ್ರ, ತೊಟ್ಟಿಲಿಗೆ ಪ್ಲಾಸ್ಟಿಕ್ ಕೂಡ ಬಿಚ್ಚದ ಹಾಸಿಗೆ. ಮಗು ಕರೆದುಕೊಂಡು ಹೋದರೆ ‘ನಡೆಯಲು ಬರುವ ಮಗು ಮಾತ್ರ’ ಅನ್ನುತ್ತಾರೆ, ‘ಎರಡು ವರ್ಷ ಆಗಲಿ’ ಅನ್ನುತ್ತಾರೆ. ಹಾಲು ಕುಡಿಯುವ ಮಗು ಬೇಡ, ಉಚ್ಚೆ ಹೇಲು ಮಾಡುವ ಮಗು ಬೇಡ! ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇರುವುದು ಆರು ತಿಂಗಳಿಂದ ಆರು ವರ್ಷ. ಕ್ರೆಶ್ ಕೇಳುವಾಗ ಈ ‘ಆರು ತಿಂಗಳಿಂದ’ ಎಂಬ ಮಾತನ್ನು ಬಿಟ್ಟುಕೊಡಬೇಡಿ. ಅದು ಹೋದರೆ ನಮಗೆ ಸಿಗುವುದು ಇನ್ನೊಂದು ಅಂಗನವಾಡಿ, ಅಷ್ಟೇ.

ಇನ್ನು ಅವರು ಹೇಳುವ ನೆಪಗಳು. ಹೆರಿಗೆ ರಜೆಯ ಸಂಬಳ ಕೊಟ್ಟು ಸಾಕಾಗಿದೆ, ಕ್ರೆಶ್ ಬೇರೆ ಎಲ್ಲಿಂದ ತರೋಣ ಅನ್ನುತ್ತಾರೆ. ಸುಳ್ಳು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವ ನಮ್ಮ ಹೆರಿಗೆ ರಜೆ ದುಡ್ಡು ಬರುವುದು ಇಎಸ್‌ಐನಿಂದ, ಓನರ್ ಜೇಬಿನಿಂದಲ್ಲ. ಅದಕ್ಕೆ ನಮ್ಮ ಸಂಬಳದಲ್ಲಿ ಪ್ರತಿ ತಿಂಗಳು ಶೇ 0.75, ಕಂಪನಿಯಿಂದ ಶೇ 3.25 ಕಟ್ಟಾಗುತ್ತೆ. ನೀವು ಹೆತ್ತರೂ ಹೆರದಿದ್ದರೂ ಕಂಪನಿ ಕಟ್ಟುವುದು ಅಷ್ಟೇ. (ಹಿಂದಿನ ಎರಡು ಕಂತಿನ ಅವಧಿಯಲ್ಲಿ ಕನಿಷ್ಠ 70 ದಿನದ ಸಂಬಳದಿಂದ ಇಎಸ್‌ಐ ಕಟ್ಟಾಗಿರಬೇಕು. ಬಸುರಾದ ಮೇಲೆ ಫ್ಯಾಕ್ಟರಿ ಬದಲಿಸುವವರು ಇದನ್ನು ಮರೆಯಬೇಡಿ, ತಪ್ಪಿಸಿಕೊಂಡವರು ಬಹಳ ಜನ.) ಜಾಗ ಇಲ್ಲ ಅನ್ನುವುದು ಇನ್ನೊಂದು ನೆಪ. ಪೀಣ್ಯದ ಸಣ್ಣ ಶೆಡ್‌ಗಳಿಗೆ ಜಾಗದ ಕಷ್ಟ ಇದ್ದದ್ದೇ, ಒಪ್ಪುತ್ತೇವೆ. ಅದಕ್ಕೂ ದಾರಿ ಇದೆ. ನಾಲ್ಕಾರು ಕಂಪನಿ ದುಡ್ಡು ಸೇರಿಸಿ ಹತ್ತಿರದಲ್ಲೇ ಒಂದು ಸಾಮೂಹಿಕ ಕ್ರೆಶ್ ನಡೆಸಬಹುದು, ಸಂಹಿತೆಯಲ್ಲೇ ಅವಕಾಶವಿದೆ. ಒಂದೇ ರಸ್ತೆಯ ಎಂಟು ಕಂಪನಿಗಳು ಒಂದೇ ಟೀ ಅಂಗಡಿ ನಂಬಿಕೊಂಡಿಲ್ಲವೇ?

ಹಳ್ಳಿಯ ತಾಯಂದಿರಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಕೂಸಿಗೆ ನೆರಳು ಬೇಕು ಎಂದು ಅರ್ಥವಾದ ಸರ್ಕಾರಕ್ಕೆ ಹೆಗ್ಗನಹಳ್ಳಿಯ ಶೀಟ್ ಮನೆಯ ಕೂಸೂ ಕಾಣಬೇಕು. ವಾರ್ಡ್‌ನಲ್ಲಿ ಓಟು ಕೇಳಲು ಬಂದವರ ಮುಂದೆ ರಸ್ತೆ, ಚರಂಡಿಯ ಜೊತೆ ಇದನ್ನೂ ಇಡಿ.

ಗಂಡಂದಿರಿಗೆ ಒಂದು ಮಾತು. ಲಸಿಕೆ ದಿನ ಯಾರು ರಜೆ ಹಾಕಬೇಕು ಎಂಬ ಪ್ರಶ್ನೆ ಬಂದಾಗ ನಿಮ್ಮ ಮನೆಯಲ್ಲಿ ಏನಾಗುತ್ತೆ? ಒಂದೂವರೆ ತಿಂಗಳು, ಎರಡೂವರೆ, ಮೂರೂವರೆ, ಒಂಬತ್ತು ತಿಂಗಳು, ಮತ್ತೆ ಒಂದೂವರೆ ವರ್ಷ. ರಾತ್ರಿ ಇಂಜೆಕ್ಷನ್ ಜ್ವರಕ್ಕೆ ಎದ್ದು ಕೂರುವವಳೂ ಅವಳೇ, ಬೆಳಿಗ್ಗೆ ಲೇಟ್ ಪಂಚಿಂಗ್‌ಗೆ ಬೈಸಿಕೊಳ್ಳುವವಳೂ ಅವಳೇ. ಎರಡು ಲಸಿಕೆಗೆ ನೀವು ತಾಯಿ ಕಾರ್ಡ್ ಹಿಡಿದು ಹೋಗಿ ಬನ್ನಿ, ಆಮೇಲೆ ಈ ಕಾಗದದ ಬಗ್ಗೆ ಮಾತಾಡೋಣ. ಮೀಟಿಂಗ್‌ಗೆ ಹೋಗಬೇಡ ಎಂದು ತಡೆಯದಿದ್ದರೆ ಅಷ್ಟೇ ಸಾಕು ಅಂದುಕೊಳ್ಳಬೇಡಿ. ಆ ಒಂದು ಗಂಟೆ ಮಗುವನ್ನು ಹಿಡಿದುಕೊಳ್ಳಿ.

ಸೂಪರ್‌ವೈಸರ್ ಅಕ್ಕಂದಿರೇ, ನೀವೂ ಹೆಲ್ಪರ್ ಆಗಿ ಸೇರಿ ಮೇಲೆ ಬಂದವರೇ. ನಿಮ್ಮ ತಲೆ ಮೇಲೆ ಟಾರ್ಗೆಟ್ ಇದೆ, ಇಲ್ಲ ಎನ್ನುವುದಿಲ್ಲ. ಬಾಣಂತಿ ಎದ್ದಾಗ ಆ ಹದಿನೈದು ನಿಮಿಷದ ಪೀಸ್ ಎಲ್ಲಿಂದ ತರಲಿ ಎಂದು ನೀವು ಕೂಗಬೇಕಾದ್ದು ಅವಳ ಮೇಲಲ್ಲ. ಫ್ಲೋರ್ ಇನ್‌ಚಾರ್ಜ್ ಮುಂದೆ ಹೋಗಿ, ಹಾಲೂಡಿಸುವ ತಾಯಂದಿರು ಇರುವ ಲೈನ್‌ಗೆ ಟಾರ್ಗೆಟ್ ಇಳಿಸಿ ಎಂದು ಕೇಳಿ.

‘ನಾವು ಕೇಳಿದರೆ ಯಾರು ಕೊಡುತ್ತಾರೆ?’ ಅನ್ನುವವರಿಗೆ 2016 ನೆನಪಿಸುತ್ತೇವೆ. ಪಿಎಫ್‌ನ ಕಂಪನಿ ಪಾಲನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಎಂದು ದೆಹಲಿಯಲ್ಲಿ ಆದೇಶವಾಯಿತು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಂಗಸರು ಮಿಷಿನ್ ಬಿಟ್ಟು ರಸ್ತೆಗೆ ಬಂದರು. ಮರುದಿನ ತುಮಕೂರು ರಸ್ತೆ, ನಮ್ಮ ಪೀಣ್ಯವೂ ನಿಂತಿತು. ಏಪ್ರಿಲ್ 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಲಾಠಿ ಬಿತ್ತು, ಕೇಸುಗಳಾದವು. ಅದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯುವುದಿಲ್ಲ. ಈ ಸಲ ಕೇಳುತ್ತಿರುವುದು ಆಗಲೇ ಕಾನೂನಿನಲ್ಲಿ ಇರುವುದನ್ನು. ಅದಕ್ಕೆ ಮೊದಲು ರಸ್ತೆ ಬೇಡ, ಒಂದು ಬಿಳಿ ಹಾಳೆ ಸಾಕು.

ಈ ವಾರ ನಿಮ್ಮ ಲೈನ್‌ನಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟು ಎಂದು ಎಣಿಸಿ. ಊರಲ್ಲಿ ಬಿಟ್ಟ ಮಕ್ಕಳನ್ನೂ ಸೇರಿಸಿ. ಬಸುರಿಯರನ್ನು ಬೇರೆ ಬರೆದುಕೊಳ್ಳಿ. ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರನ್ನು ಬಿಡಬೇಡಿ. ಕನ್ನಡ ಬರದಿದ್ದರೆ ಪಕ್ಕದಲ್ಲಿ ಕೂತು ಹೇಳಿ, ನಾಳೆ ಅವರೂ ಹೆರುವವರೇ. ಲೆಕ್ಕ ಆದ ಮೇಲೆ ಹಾಳೆಯಲ್ಲಿ ಇಷ್ಟು ಬರೆಯಿರಿ:

‘ನಮ್ಮ ಘಟಕದಲ್ಲಿ 50ಕ್ಕಿಂತ ಹೆಚ್ಚು ಜನ ಕೆಲಸ ಮಾಡುತ್ತಿದ್ದೇವೆ. ಕಾನೂನಿನಂತೆ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ, ಪಾಳಿಯ ಪೂರ್ತಿ ಹೊತ್ತು ಮತ್ತು ಓಟಿ ಇರುವ ದಿನ ಓಟಿ ಮುಗಿಯುವವರೆಗೆ ತೆರೆದಿರುವ ಕ್ರೆಶ್ ಬೇಕು. ಹಾಲೂಡಿಸುವ ಬಿಡುವನ್ನು ಪ್ರೊಡಕ್ಷನ್ ಲೆಕ್ಕದಿಂದ ಕಳೆಯಬೇಕು. ಹಾಲು ಹಿಂಡಲು ಚಿಲಕವಿರುವ ಕೋಣೆ, ಹಾಲಿಡಲು ಫ್ರಿಜ್ ಬೇಕು. ಕಂಪನಿ ಬಸ್ಸಿನಲ್ಲಿ ಮಗುವಿನ ಜೊತೆ ಬರುವ ತಾಯಿಗೆ ಸೀಟು ಬೇಕು. ಯಾವಾಗ ಶುರು ಮಾಡುತ್ತೀರಿ ಎಂದು ಬರೆದು ತಿಳಿಸಿ.’

ಬಸ್ಸಿನ ಸೀಟು ಕಾನೂನಿನಲ್ಲಿ ಇಲ್ಲ, ನಾವೇ ಸೇರಿಸಿದ್ದು. ಮಗುವನ್ನು ಫ್ಯಾಕ್ಟರಿವರೆಗೆ ತರಲಾಗದಿದ್ದರೆ ಕ್ರೆಶ್ ಕಟ್ಟಿ ಏನು ಪ್ರಯೋಜನ?

ಒಬ್ಬೊಬ್ಬರೇ ಆಫೀಸಿಗೆ ಹೋಗಬೇಡಿ. ಬಾಣಂತಿಯನ್ನಂತೂ ಮುಂದೆ ನಿಲ್ಲಿಸಲೇಬೇಡಿ. ಸಹಿಗಳನ್ನು ಒಂದರ ಕೆಳಗೆ ಒಂದು ಹಾಕದೆ ದುಂಡಗೆ ಸುತ್ತಲೂ ಹಾಕಿ, ಮೊದಲು ಹಾಕಿದವರು ಯಾರು ಎಂದು ಯಾರಿಗೂ ತಿಳಿಯುವುದಿಲ್ಲ. ಸಹಿ ಬರದವರು ಹೆಬ್ಬೆಟ್ಟು ಒತ್ತಲಿ. ಮಕ್ಕಳು ದೊಡ್ಡವರಾದ ಹಿರಿಯ ಟೈಲರ್‌ಗಳು, ಫಿನಿಷಿಂಗ್‌ನ ಗಂಡಸರು, ಕಟಿಂಗ್ ಮಾಸ್ಟರ್‌ಗಳು ಹಾಕಿದಷ್ಟೂ ಹಾಳೆಗೆ ತೂಕ. ಎರಡು ಜೆರಾಕ್ಸ್ ಮಾಡಿಸಿ. ಮೂಲ ಪ್ರತಿ ಎಚ್‌ಆರ್‌ಗೆ. ಒಂದು ಜೆರಾಕ್ಸ್ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ. ಇನ್ನೊಂದರ ಮೇಲೆ ಎಚ್‌ಆರ್‌ನವರ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ನೋಡ್ತೀವಿ’ ಎಂದರೆ ಎದ್ದು ಬರಬೇಡಿ. ಸೀಲ್ ಬಿದ್ದ ಪ್ರತಿಯನ್ನು ಒಬ್ಬರ ಮನೆಯಲ್ಲಿ ಭದ್ರವಾಗಿಟ್ಟು, ಎಲ್ಲರೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ತಿಂಗಳೊಳಗೆ ಉತ್ತರ ಬರದಿದ್ದರೆ ಅದೇ ಪ್ರತಿ ಹಿಡಿದು ಭಾನುವಾರ ನಿಮ್ಮ ಬೀದಿಯಲ್ಲೇ ಸೇರಿ, ಮುಂದೇನು ಎಂದು ಕೂತು ಮಾತಾಡಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಓದಿದ ಮೇಲೆ ಕಾಗದವನ್ನು ರಸ್ತೆಗೆ ಎಸೆಯಬೇಡಿ, ಪಕ್ಕದ ಮಿಷಿನ್‌ನವರಿಗೆ ಕೊಡಿ.

ನಿಮ್ಮ ಜೊತೆಯವರೇ ಆದ
ಗಾರ್ಮೆಂಟ್ಸ್ ತಾಯಂದಿರು